ಬಾಂದು ಕಲ್ಲು ನೆಡುವ ಕೈಗಳಿಗೆ

ಬೆಟಗೇರಿ

ಪ್ರೀತಿಯ ಮಗನೇ,

ನಮ್ಮ ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ನಿನಗೆ ನನ್ನ ಮತ್ತು ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ತರಬೇತಿ ಮುಗಿಯಿತು, ಬರುವ ಸೋಮವಾರ ತಾಲ್ಲೂಕಿನ ಭೂಮಾಪನ ಕಚೇರಿಯಲ್ಲಿ ಹಾಜರಾಗುತ್ತೀಯ ಎಂದು ನಿನ್ನ ಅಪ್ಪ ಫೋನ್ ಮಾಡಿ ತಿಳಿಸಿದ. ದೇವರಿಗೆ ಸ್ತೋತ್ರ. ನಾಲ್ಕು ಮಾತು ಎದುರಿಗೆ ಕೂರಿಸಿಕೊಂಡು ಹೇಳಬೇಕೆಂದಿದ್ದೆ. ನಿನ್ನ ಅಕ್ಕನ ಮದುವೆಯ ಓಡಾಟದಲ್ಲಿ ಅದು ಆಗಲಿಲ್ಲ. ಬರೆದು ಕಳಿಸಿದರೆ ಬೇಕೆನಿಸಿದಾಗ ಮತ್ತೊಮ್ಮೆ ಓದುವೆಯಲ್ಲ, ಅದೂ ಒಳ್ಳೆಯದೇ.

ನಾನು ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಸರ್ವೇಯವರ ಕೋಣೆ ನಮ್ಮ ಕಚೇರಿಯ ಅಂಗಳದಲ್ಲೇ ಇತ್ತು. ನಿನ್ನ ಕೆಲಸದ ಒಳಹೊರಗು ನನಗೆ ಗೊತ್ತು. ಆದ್ದರಿಂದ ಮನುಷ್ಯನನ್ನು ಪಾಪಕ್ಕೆ ಎಳೆಯುವ ಶೋಧನೆಯ ಬಗ್ಗೆ ಭಾನುವಾರ ಕೇಳಿದ್ದನ್ನೇ ಮತ್ತೆ ಹೇಳದೆ, ನೀನು ದಿನಾ ನಿಲ್ಲಲಿರುವ ಹೊಲದ ಬದುವಿನ ಮಾತನ್ನೇ ಹೇಳುತ್ತೇನೆ.

ಲಂಚ ಎಂಬ ಹೆಸರು ಹೇಳಿಕೊಂಡು ನಿನ್ನ ಬಳಿ ಯಾರೂ ಬರುವುದಿಲ್ಲ, ಮಗನೇ. ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಅಳೆದು ಗುರುತಿಸಲು, ಅರ್ಜಿ ಕೊಟ್ಟ ರೈತ ಬಸ್ ನಿಲ್ದಾಣಕ್ಕೇ ಬಂದು ತನ್ನ ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಾನೆ. ಮನೆಯಲ್ಲಿ ಚಹಾ ಕಾಯುತ್ತಿರುತ್ತದೆ. ಅವನ ತಾಯಿ, 'ಇಷ್ಟು ಸಣ್ಣ ವಯಸ್ಸಿಗೆ ನೌಕರಿ ಹಿಡಿದಿದ್ದೀಯಪ್ಪ, ನಿನ್ನ ಹೆತ್ತವರು ಪುಣ್ಯವಂತರು' ಎಂದು ತಲೆ ಸವರುತ್ತಾಳೆ. ಹೊರಡುವಾಗ ಅವನು ನಿನ್ನ ಅಂಗಿಯ ಜೇಬಿನ ಕಡೆ ಕೈ ತಂದು, 'ಪೆಟ್ರೋಲಿಗೆ ಇಟ್ಟುಕೊಳ್ಳಿ ಸರ್' ಎನ್ನುತ್ತಾನೆ. ಬೇಡವೆಂದರೆ ಅವನ ಮುಖ ಸಪ್ಪಗಾಗುತ್ತದೆ. ಅವನ ಮನಸ್ಸು ನೋಯಿಸಿದೆನಲ್ಲ ಎಂದು ನಿನಗೇ ಅನಿಸುತ್ತದೆ. ಕಚೇರಿಗೆ ಮರಳಿದರೆ ಅಲ್ಲಿ ಇನ್ನೊಂದು ಬಗೆ. 'ಮಾಮೂಲು ಯಾರೂ ಕೇಳಿ ತೆಗೆದುಕೊಳ್ಳುವುದಿಲ್ಲ, ಅವರಾಗಿಯೇ ಕೊಡುತ್ತಾರೆ. ನೀನೊಬ್ಬ ಬೇಡವೆಂದರೆ ನಮ್ಮೆಲ್ಲರ ಮೇಲೆ ಬೆರಳು ತೋರಿಸಿದಂತೆ' ಎನ್ನುವ ಹಿರಿಯರು ಇರುತ್ತಾರೆ. ಅವರು ಕೆಟ್ಟವರಲ್ಲ. ನಿನಗೆ ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರೂ ಅವರೇ ಆಗಿರುತ್ತಾರೆ. ಶೋಧನೆಯ ಕಷ್ಟ ಇರುವುದೇ ಇಲ್ಲಿ. ಅದು ಶತ್ರುವಿನ ಮುಖ ಹೊತ್ತು ಬಂದಿದ್ದರೆ ಓಡಿಸುವುದು ಸುಲಭವಿತ್ತು. ಉಪಕಾರ, ಸಲುಗೆ, ವಾಡಿಕೆಗಳ ರೂಪದಲ್ಲಿ ಬಂದಾಗ ಬಾಯಿಂದ ಮಾತೇ ಹೊರಡುವುದಿಲ್ಲ.

ಆಗ ಬದುವಿನ ಆಚೆ ಬದಿಗೆ ಕಣ್ಣು ಹಾಯಿಸು. ಅಲ್ಲಿಯೂ ಒಬ್ಬ ಹಿಡುವಳಿದಾರ ಇದ್ದಾನೆ. ಅವನು ಗೋವಾಕ್ಕೋ ಮಂಗಳೂರಿಗೋ ಕಟ್ಟಡದ ಕೆಲಸಕ್ಕೆ ಹೋಗಿರಬಹುದು. ನೋಟಿಸು ಅವನ ಮನೆಯ ಬಾಗಿಲಿಗೆ ಬಂದಾಗ ಓದುವವರು ಇರಲಿಲ್ಲವೇನೋ. ಗಂಡ ಸತ್ತ ಹೆಣ್ಣುಮಗಳು ಒಬ್ಬಳೇ ಸೆರಗು ಬಿಗಿದುಕೊಂಡು ದೂರದಲ್ಲಿ ನಿಂತಿರಬಹುದು. ಹಳೆಯ ಸರ್ವೇ ಸರಪಳಿ 33 ಅಡಿ, ಅದಕ್ಕೆ 16 ಆಣೆ ಎಂದು ನಿನಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಒಂದು ಆಣೆ ಎಂದರೆ ಎರಡು ಅಡಿ ಚಿಲ್ಲರೆ. ಹತ್ತು ಸರಪಳಿ ಉದ್ದದ ಬದುವನ್ನು ಒಂದೇ ಒಂದು ಆಣೆ ಆಚೆ ಸರಿಸಿದರೆ ಅರ್ಧ ಗುಂಟೆಗೂ ಮಿಕ್ಕಿದ ನೆಲ ಕೈ ಬದಲಾಯಿತು. ಯಾರ ಕಣ್ಣಿಗೂ ಬೀಳದಷ್ಟು ಸಣ್ಣ ಸರಿತ ಅದು. ಆದರೆ ಆ ಹೆಣ್ಣುಮಗಳ ಮಕ್ಕಳು, ಮೊಮ್ಮಕ್ಕಳು ಅಷ್ಟು ನೆಲವಿಲ್ಲದೆಯೇ ಬಿತ್ತಬೇಕು, ಅಷ್ಟು ಕಡಿಮೆಯೇ ಕೊಯ್ಯಬೇಕು. ಈಗ ನಿನ್ನ ಕೈಗೆ ಉಪಗ್ರಹದ ನೆರವಿನಿಂದ ಅಳೆಯುವ ರೋವರ್ ಬಂದಿದೆ, ಯಂತ್ರ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ನಿಜ. ಆದರೆ ಯಾವ ಹಳೆಯ ಕಲ್ಲನ್ನು ಆಧಾರಕ್ಕೆ ಹಿಡಿಯಬೇಕು, ಹಳೆಯ ಅಳತೆಯ ದಾಖಲೆಯಾದ ಟಿಪ್ಪಣಿಯ ಯಾವ ಅಂಕಿಯನ್ನು ನಂಬಬೇಕು ಎಂದು ತೀರ್ಮಾನಿಸುವವನು ಮನುಷ್ಯನೇ.

ನಮ್ಮ ಸತ್ಯವೇದ, ಅಂದರೆ ಬೈಬಲ್, ಈ ಕೆಲಸವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ನೋಡು. ಧರ್ಮೋಪದೇಶಕಾಂಡದ 27ನೆಯ ಅಧ್ಯಾಯದಲ್ಲಿ ದೇವಸೇವೆಯ ಕುಲದವರಾದ ಲೇವಿಯರು ಶಾಪದ ಮಾತುಗಳನ್ನು ಗಟ್ಟಿಯಾಗಿ ಹೇಳುತ್ತಾರೆ, ಪ್ರತಿಯೊಂದಕ್ಕೂ ಜನರೆಲ್ಲ ಆಮೆನ್ ಎನ್ನಬೇಕು. ವಿಗ್ರಹ ಮಾಡಿಸಿ ಗುಟ್ಟಾಗಿ ಇಟ್ಟುಕೊಳ್ಳುವವನು, ತಂದೆತಾಯಿಗಳನ್ನು ತಿರಸ್ಕರಿಸುವವನು. ಅದರ ಬೆನ್ನಿಗೇ ನೆರೆಯವನ ಗಡಿಕಲ್ಲನ್ನು ಸರಿಸುವವನು. ಈ ಪಟ್ಟಿಯಲ್ಲಿ ಹೆಚ್ಚಿನವು ಯಾರಿಗೂ ಕಾಣದಂತೆ ಮಾಡುವ ಪಾಪಗಳು. ಜ್ಞಾನೋಕ್ತಿಯ 23ನೆಯ ಅಧ್ಯಾಯ ಇನ್ನೂ ಮುಂದೆ ಹೋಗಿ, ಅನಾಥರ ಹೊಲದೊಳಗೆ ಕಾಲಿಡಬೇಡ, ಅವರ ಪರವಾಗಿ ವಾದಿಸುವವನು ಬಲಿಷ್ಠನು ಎಂದು ಎಚ್ಚರಿಸುತ್ತದೆ. ನೀನು ಗಡಿ ಗುರುತಿಸುವ ಬಾಂದು ಕಲ್ಲು ನೆಡಿಸುವಾಗ ಈ ವಚನಗಳು ನಿನ್ನ ಜೊತೆ ಹೊಲಕ್ಕೆ ಬರಲಿ.

ಹಾಗಾದರೆ ಇಂಥ ಕೆಲಸವೇ ಬೇಡ, ಬಿಟ್ಟು ಬಂದುಬಿಡಲೇ ಎಂದು ನಿನಗೆ ಒಂದಲ್ಲ ಒಂದು ಸಂಜೆ ಅನಿಸಬಹುದು. ಲೂಕನ 3ನೆಯ ಅಧ್ಯಾಯ ತೆರೆದು ಓದು. ಸುಂಕದವರು ಸ್ನಾನಿಕನಾದ ಯೋಹಾನನ ಬಳಿ ಬಂದು, ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಅಡವಿಯಲ್ಲಿ ಮಿಡತೆ ತಿಂದು, ಒಂಟೆಯ ಕೂದಲಿನ ಉಡುಪು ತೊಟ್ಟಿದ್ದ ಆ ಕಠಿಣ ಮನುಷ್ಯ, ಕೆಲಸ ಬಿಟ್ಟು ನನ್ನ ಜೊತೆ ಅಡವಿಗೆ ಬನ್ನಿ ಎನ್ನಲಿಲ್ಲ. ನೇಮಕವಾದುದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದ, ಅಷ್ಟೇ. ಸಿಪಾಯಿಗಳಿಗೂ ಹಾಗೆಯೇ: ಯಾರಿಂದಲೂ ಬಲವಂತದಿಂದ ಹಣ ಕೀಳಬೇಡಿ, ಸುಳ್ಳು ದೂರು ಹೊರಿಸಬೇಡಿ, ನಿಮ್ಮ ಸಂಬಳ ಸಾಕೆನ್ನಿ. ಈ ಭಾಗ ಓದಿದಾಗಲೆಲ್ಲ ನನಗೆ ಧೈರ್ಯ ಬರುತ್ತಿತ್ತು. ಪಾಪ ಬಿಟ್ಟು ಮನಸ್ಸು ತಿರುಗಿಸುವ ಮಾನಸಾಂತರದ ಫಲ ಎಲ್ಲಿ ಕಾಣಬೇಕು ಎಂದರೆ ಅವರವರ ಮೇಜಿನ ಮೇಲೆಯೇ, ರಸೀದಿಯಲ್ಲಿ, ಅಳತೆಯಲ್ಲಿ. ನಿನ್ನನ್ನು ಕರ್ತನು ಕರೆದಿರುವುದು ಆ ಕಚೇರಿಯಿಂದ ಹೊರಕ್ಕಲ್ಲ, ಆ ಕಚೇರಿಯೊಳಕ್ಕೆ ಎಂದೇ ನಾನು ನಂಬಿದ್ದೇನೆ.

ಅರಸ ಅಹಾಬನು ಆಸೆಪಟ್ಟ ನಾಬೋತನ ದ್ರಾಕ್ಷಿತೋಟದ ಕಥೆಯನ್ನು ನೀನು ಭಾನುವಾರ ಶಾಲೆಯಿಂದ ಬಲ್ಲೆ. ಅಹಾಬನನ್ನೂ ಅವನ ರಾಣಿ ಈಜೆಬೆಲಳನ್ನೂ ಎಲ್ಲರೂ ನೆನಪಿಡುತ್ತಾರೆ. ಸರ್ಕಾರಿ ನೌಕರನಾದ ಮೇಲೆ ನನ್ನ ಕಣ್ಣು ಹೋದದ್ದು ಬೇರೆಯವರ ಮೇಲೆ: ಇಜ್ರೇಲಿನ ಹಿರಿಯರು ಮತ್ತು ಪ್ರಮುಖರು. ಅರಸನ ಮುದ್ರೆ ಒತ್ತಿದ ಪತ್ರ ಅವರ ಕೈಗೆ ಬರುತ್ತದೆ. ಅವರು ಉಪವಾಸವನ್ನು ಸಾರುತ್ತಾರೆ, ನಾಬೋತನನ್ನು ಜನರ ಮುಂದೆ ಕೂರಿಸುತ್ತಾರೆ, ಇಬ್ಬರು ಸುಳ್ಳು ಸಾಕ್ಷಿಗಳನ್ನು ಎದುರಿಗೆ ನಿಲ್ಲಿಸುತ್ತಾರೆ. ಪತ್ರದಲ್ಲಿ ಇದ್ದಂತೆ ಎಲ್ಲವೂ ನಡೆಯುತ್ತದೆ, ಒಬ್ಬ ನಿರಪರಾಧಿ ಕಲ್ಲೇಟಿಗೆ ಸಾಯುತ್ತಾನೆ. ಆ ಹಿರಿಯರಿಗೆ ನಾಬೋತನ ಮೇಲೆ ದ್ವೇಷವಿತ್ತೆಂದು ಎಲ್ಲಿಯೂ ಬರೆದಿಲ್ಲ. ತೋಟದಲ್ಲಿ ಅವರಿಗೆ ಪಾಲು ಸಿಕ್ಕಿತೆಂದೂ ಇಲ್ಲ. ಮೇಲಿನಿಂದ ಬಂತು, ಮಾಡಿದರು. ನಿನಗೂ ಒಂದು ದಿನ ಮೇಲಿನಿಂದ ಫೋನ್ ಬರುತ್ತದೆ. ಆಗ ಒರಟಾಗಿ ಉತ್ತರ ಕೊಡಬೇಡ. 'ಸರ್, ದಾಖಲೆಯಲ್ಲಿ ಇದ್ದಂತೆ ಅಳೆದು ವರದಿ ಕೊಡುತ್ತೇನೆ. ಬೇರೆ ರೀತಿ ಮಾಡಬೇಕಿದ್ದರೆ ದಯವಿಟ್ಟು ಲಿಖಿತ ಆದೇಶ ಕೊಡಿ' ಎನ್ನು. ಲಿಖಿತ ಆದೇಶ ಎಂಬ ಎರಡು ಪದಗಳು ಎಷ್ಟೋ ಒತ್ತಡಗಳನ್ನು ಅಲ್ಲಿಗೇ ಅಡಗಿಸಿದ್ದನ್ನು ನಾನು ಕಂಡಿದ್ದೇನೆ. ಅದಕ್ಕೂ ಬಗ್ಗದಿದ್ದರೆ ವರ್ಗಾವಣೆ ಬರಬಹುದು. ಬರಲಿ. ತನ್ನನ್ನು ಬಯಸಿ ಕರೆದ ಒಡೆಯ ಪೋಟೀಫರನ ಹೆಂಡತಿಗೆ ಇಲ್ಲವೆಂದ ಯೋಸೇಫನಿಗೆ ಮೊದಲು ಸಿಕ್ಕಿದ್ದು ಸೆರೆಮನೆ ಎಂಬುದನ್ನು ಮರೆಯಬೇಡ. ನೀತಿಯಿಂದ ನಡೆದವನಿಗೆ ತಕ್ಷಣ ಒಳ್ಳೆಯದಾಗುತ್ತದೆ ಎಂದು ಯಾರಾದರೂ ಹೇಳಿದರೆ ಅವರು ಆದಿಕಾಂಡವನ್ನು ಪೂರ್ತಿ ಓದಿಲ್ಲ.

ಈಗ ಹಸಿವಿನ ಮಾತಿಗೆ ಬರುತ್ತೇನೆ, ಏಕೆಂದರೆ ಹೆಚ್ಚು ಜನ ಬೀಳುವುದು ಅಲ್ಲಿಯೇ. ಸೈತಾನನು ಯೇಸುವಿನ ಬಳಿಗೆ ಬಂದದ್ದು ನಲವತ್ತು ದಿನದ ಉಪವಾಸದ ನಂತರ. ಮೊದಲು ಹೇಳಿದ್ದು, ಈ ಕಲ್ಲುಗಳನ್ನು ರೊಟ್ಟಿಯಾಗಿಸು ಎಂದು. ಹಸಿದವನಿಗೆ ರೊಟ್ಟಿ ಬೇಕೆನಿಸುವುದು ಪಾಪವೇ? ಅಲ್ಲ. ನ್ಯಾಯವಾದ ಅಗತ್ಯವನ್ನೇ ಹಿಡಿದುಕೊಂಡು ಅವನು ಮಾತು ಆರಂಭಿಸಿದ. ನಿನ್ನ ವಿಷಯದಲ್ಲೂ ಹಾಗೆಯೇ ಆಗುತ್ತದೆ. ಅಕ್ಕನ ಮದುವೆಯ ಸಾಲ ಇದೆ, ತಾಯಿಗೆ ಸ್ವಂತ ಮನೆಯ ಆಸೆ ಇದೆ, ನಾಳೆ ನಿನ್ನ ಮದುವೆ. ಎಲ್ಲವೂ ನ್ಯಾಯವಾದವುಗಳೇ. ಅದಕ್ಕಾಗಿ ಹೇಳುತ್ತೇನೆ, ಸಾಲದ ಬಾಗಿಲನ್ನು ಮುಚ್ಚಿಡು. ಕೈಗೆ ಆದೇಶ ಬಂದ ತಿಂಗಳಲ್ಲೇ ಕಂತಿನ ಮೇಲೆ ದೊಡ್ಡ ಬೈಕು, ದೊಡ್ಡ ಮೊಬೈಲು ತರುವವರನ್ನು ನೋಡಿದ್ದೇನೆ. ತಿಂಗಳ ಕೊನೆಗೆ ಕಂತು ಕಟ್ಟಲಾಗದೆ ಕೂತವನ ಮುಂದೆ ಯಾರೋ ಲಕೋಟೆ ಇಟ್ಟರೆ ಅವನು ಹೇಗೆ ಬೇಡವೆಂದಾನು? ಸೋಲು ಅಂದು ಆದದ್ದಲ್ಲ, ಷೋರೂಮಿನಲ್ಲಿ ಸಹಿ ಹಾಕಿದ ದಿನವೇ ಆಗಿತ್ತು.

ಮೊದಲ ಸಂಬಳ ಕೈಗೆ ಬಂದಾಗ ದೇವರಿಗೆ ಕೊಡುವ ಹತ್ತನೆಯ ಒಂದು ಭಾಗ, ದಶಮಾಂಶವನ್ನು ಎತ್ತಿಡು. ಸರ್ಕಾರಿ ನೌಕರರ ವಿಮೆಯಾದ ಕೆಜಿಐಡಿ ಮತ್ತು ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್ ಸಂಬಳದಲ್ಲೇ ಕಡಿತವಾಗುತ್ತವೆ. ನನ್ನ ಕಾಲದವರಿಗಿದ್ದ ಹಳೆಯ ಪಿಂಚಣಿ ನಿನಗಿಲ್ಲ. 2006ರ ಏಪ್ರಿಲ್ ಒಂದರಿಂದ ಸೇರಿದವರಿಗೆಲ್ಲ ಎನ್‌ಪಿಎಸ್. ಮುಂದಿನ ದಿನಗಳ ಭಯವೂ ಒಂದು ಶೋಧನೆಯೇ, ಆದ್ದರಿಂದ ಸ್ವಲ್ಪವಾದರೂ ಬೇರೆ ಉಳಿಸು. ಮನೆಯ ಸಾಲಕ್ಕೆ ಪ್ರತಿ ತಿಂಗಳು ಎಷ್ಟು ಕೊಡಬಲ್ಲೆ ಎಂಬುದನ್ನು ಅಪ್ಪ ಅಮ್ಮನ ಮುಂದೆ ಈಗಲೇ ಲೆಕ್ಕ ಹಾಕಿ ತಿಳಿಸು. ಅಮ್ಮನ ಆಸೆಯನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಮೂವತ್ತು ವರ್ಷ ಬಾಡಿಗೆ ಮನೆಯಲ್ಲಿ ಒಲೆ ಹಚ್ಚಿದವಳು ಅವಳು. ಆದರೆ ಮಗನ ಕೈ ಕೊಳಕಾಗಿ ಕಟ್ಟಿದ ಗೋಡೆಯ ನಡುವೆ ಅವಳಿಗೆ ನಿದ್ದೆ ಬಾರದು. ಅದನ್ನು ಅವಳೇ ನಿನ್ನ ದೊಡ್ಡಮ್ಮನ ಬಳಿ ಹೇಳಿಕೊಂಡಿದ್ದಾಳೆ.

ಇನ್ನೊಂದು ಮಾತು, ನಮ್ಮ ಚರ್ಚಿನ ಸಭೆಯಲ್ಲಿ ಕೆಲವರಿಗೆ ಕಹಿಯಾಗಬಹುದು. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಸಾವಿರಾರು ರೂಪಾಯಿ ಕೂಗುವವರನ್ನು ನಾವು ಹೊಗಳುತ್ತೇವೆ. ಆ ಹಣ ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನು ಎಸೆದು ಹೋದ ಮೂವತ್ತು ಬೆಳ್ಳಿ ನಾಣ್ಯಗಳನ್ನು, ಯೇಸುವನ್ನು ಮರಣದಂಡನೆಗೆ ಒಪ್ಪಿಸಿದ ಆ ಯಾಜಕರೇ ಕಾಣಿಕೆ ಪೆಟ್ಟಿಗೆಗೆ ಹಾಕಲು ಒಪ್ಪಲಿಲ್ಲ, ರಕ್ತದ ಕ್ರಯವೆಂದು ಕುಂಬಾರನ ಹೊಲ ಕೊಂಡರು. ಮಾಮೂಲಿನ ಹಣದಲ್ಲಿ ಹತ್ತನೆಯ ಒಂದು ಭಾಗ ದೇವರಿಗೆ ಕೊಟ್ಟರೆ ಉಳಿದ ಒಂಬತ್ತು ಭಾಗ ಶುದ್ಧವಾಗುತ್ತದೆ ಎಂಬ ಲೆಕ್ಕ ನಮ್ಮ ಸತ್ಯವೇದದಲ್ಲಿ ಎಲ್ಲಿಯೂ ಇಲ್ಲ. ನೀನು ನೂರು ರೂಪಾಯಿಯೇ ಕೂಗು, ಸಂಬಳದ್ದಾಗಿರಲಿ.

ಅಡವಿಯಲ್ಲಿ ಸೈತಾನನು ತಂದ ಮೂರು ಶೋಧನೆಗಳಿಗೂ ಯೇಸು ಕೊಟ್ಟ ಉತ್ತರ ಧರ್ಮೋಪದೇಶಕಾಂಡದ್ದು. ಆ ಮಾತುಗಳು ಅಡವಿಯಲ್ಲಿ ಹೊಳೆದವಲ್ಲ, ಚಿಕ್ಕಂದಿನಿಂದ ಕೇಳಿ ಕೇಳಿ ಬಾಯಿಗೆ ಬಂದಿದ್ದವು. ನಿನ್ನ ಉತ್ತರವೂ ಮೊದಲೇ ಸಿದ್ಧವಾಗಿರಲಿ. ನಾನು ಹೇಳುತ್ತಿದ್ದ ಮಾತು ಇದು: 'ನೀವು ಕಟ್ಟಬೇಕಾದ ಶುಲ್ಕ ಕಟ್ಟಿದ್ದೀರಿ, ನನಗೆ ಸರ್ಕಾರ ಸಂಬಳ ಕೊಡುತ್ತದೆ, ನಿಮ್ಮ ಕೆಲಸ ನಿಮ್ಮ ಸರದಿಗೆ ಸರಿಯಾಗಿ ಆಗುತ್ತದೆ.' ಇದನ್ನು ನಗುತ್ತಾ ಹೇಳು. ಕೈ ಮುಗಿದು ಹೇಳು. ಸಂಕೋಚದಿಂದ ಅರ್ಧಂಬರ್ಧ ಹೇಳಿದರೆ ಇನ್ನೂ ಹೆಚ್ಚು ಬೇಕೇನೋ ಎಂದುಕೊಳ್ಳುತ್ತಾರೆ. ಫೋನ್‌ಪೇಯಲ್ಲಿ ಹಾಕುತ್ತೇವೆ, ನಂಬರ್ ಕೊಡಿ ಎಂದರೂ ಇದೇ ಉತ್ತರ. ಹಾಗೆ ಹೇಳಿದ ಮೇಲೆ ಆ ಅರ್ಜಿಯನ್ನು ನಿಜವಾಗಿಯೂ ಸರದಿಗೆ ಸರಿಯಾಗಿ ಮುಗಿಸಿಕೊಡು. ಲಂಚ ಮುಟ್ಟದೆ, ಕಡತವನ್ನೂ ಮುಟ್ಟದೆ ಕೂರುವ ಪ್ರಾಮಾಣಿಕರು ನಮ್ಮಲ್ಲಿ ಇದ್ದಾರೆ. ಅಂಥವರಿಂದ ಬಡವನಿಗೆ ಏನೂ ಉಪಕಾರವಿಲ್ಲ. ಅರಸನ ಉನ್ನತ ಅಧಿಕಾರಿಯಾಗಿದ್ದ ದಾನಿಯೇಲನ ವಿರೋಧಿಗಳು ಅವನ ರಾಜ್ಯಭಾರದಲ್ಲಿ ಹುಡುಕಿ ಹುಡುಕಿ ಸೋತರು. ಅವನಲ್ಲಿ ಲಂಚವೂ ಸಿಗಲಿಲ್ಲ, ಅಲಕ್ಷ್ಯವೂ ಸಿಗಲಿಲ್ಲ.

ಊಟದ ಪ್ರಶ್ನೆ ನಿನಗೆ ಮೊದಲ ವಾರದಲ್ಲೇ ಎದುರಾಗುತ್ತದೆ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಪರಿಹಾರ ನಮ್ಮ ಕಚೇರಿಯ ಒಬ್ಬ ಸರ್ವೇಯರರದು. ಅವರು ಲಿಂಗಾಯತರು, ಬೆಳಿಗ್ಗೆ ಇಷ್ಟಲಿಂಗ ಪೂಜೆ ಮಾಡದೆ ನೀರು ಮುಟ್ಟುತ್ತಿರಲಿಲ್ಲ. ಹೊಲಕ್ಕೆ ಹೊರಟರೆ ಸರಪಳಿಯ ಜೊತೆ ಬುತ್ತಿಯ ಗಂಟು ಇರಲೇಬೇಕು: ಆರೆಂಟು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಮೊಸರು. ಅಳತೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಗಂಟು ಬಿಚ್ಚಿ, ಬದುವಿನ ಎರಡೂ ಕಡೆಯವರನ್ನು ಕರೆದು ಕೂರಿಸಿ, ತಮ್ಮ ರೊಟ್ಟಿ ಹಂಚಿ ಉಣ್ಣುತ್ತಿದ್ದರು. ಬೆಳಗಿನಿಂದ ಒಬ್ಬರ ಮುಖ ಒಬ್ಬರು ನೋಡದಿದ್ದ ಅಣ್ಣತಮ್ಮಂದಿರು ಅವರ ಮುಂದೆ ಒಂದೇ ಚಟ್ನಿಗೆ ಕೈ ಚಾಚುತ್ತಿದ್ದರು. ಚಹಾ, ನೀರು ಯಾರ ಮನೆಯದಾದರೂ ಸರಿ, ಎರಡೂ ಮನೆಯಲ್ಲಿ ಕುಡಿಯುವರು. ಊಟ ಮಾತ್ರ ತಮ್ಮದೇ. ಯಾರಿಗೂ ಅವಮಾನ ಆಗುತ್ತಿರಲಿಲ್ಲ. ಪ್ರಾಮಾಣಿಕತೆ ಕ್ರೈಸ್ತರ ಮನೆಯ ಆಸ್ತಿ ಎಂದು ಎಂದೂ ಭಾವಿಸಬೇಡ. ಇಂಥವರು ಸಿಕ್ಕರೆ ಅವರ ಪಕ್ಕದಲ್ಲಿ ಕೂತು ಕೆಲಸ ಕಲಿ, ಗೆಳೆತನ ಬೆಳೆಸು.

ಕಚೇರಿಯಲ್ಲಿ ನಿನ್ನ ವಿಶ್ವಾಸದ ಬಗ್ಗೆ ಕೇಳಿದವರಿಗೆ ಮುಚ್ಚುಮರೆಯಿಲ್ಲದೆ ಹೇಳು. ಯೇಸುವಿನ ಶಿಷ್ಯ ಪೇತ್ರನು ಹೇಳುವ ಹಾಗೆ ಸಾತ್ವಿಕತೆಯಿಂದಲೂ ಮರ್ಯಾದೆಯಿಂದಲೂ ಹೇಳು. ಆದರೆ ಅರ್ಜಿ ಹಿಡಿದು ನಿಂತವನಿಗೆ ನಿನ್ನ ಕುರ್ಚಿಯಿಂದ ಉಪದೇಶ ಮಾಡಬೇಡ. ಅವನು ನಿನ್ನ ಹಂಗಿನಲ್ಲಿದ್ದಾನೆ, ಆ ಸ್ಥಿತಿಯಲ್ಲಿ ಯಾವ ಮಾತಿಗೂ ಹೂಂ ಎನ್ನುತ್ತಾನೆ. ಅದು ಸುವಾರ್ತೆಗೆ ಗೌರವವಲ್ಲ. ಅವನಿಗೆ ಕುರ್ಚಿ ತೋರಿಸು. ಓದಲು ಬಾರದಿದ್ದರೆ ನಕ್ಷೆಯನ್ನು ಬಿಡಿಸಿ, ಇದು ನಿಮ್ಮ ಬಾವಿ, ಇದು ಹಳ್ಳ, ಇಲ್ಲಿಂದ ಇಲ್ಲಿಗೆ ನಿಮ್ಮದು ಎಂದು ಬೆರಳಿಟ್ಟು ವಿವರಿಸು. ಚಹಾ ತರುವ ಹುಡುಗನ ಹೆಸರು ಕೇಳಿ ತಿಳಿದುಕೊ. ಕಲ್ಲು ಹೊರಲು ಬಂದ ಆಳಿಗೆ ಬಿಸಿಲಿನಲ್ಲಿ ಮೊದಲು ನೀರು ಕೊಡು.

ದೇಹದ ಆಸೆಗಳ ಬಗ್ಗೆಯೂ ದೊಡ್ಡಪ್ಪನಾಗಿ ಹೇಳಲೇಬೇಕು. ಹೊಸ ಊರು, ಬಾಡಿಗೆ ಕೋಣೆ, ರಾತ್ರಿಯ ಒಂಟಿತನ, ಕೈಯಲ್ಲಿ ಮೊಬೈಲ್. ಅರಸ ದಾವೀದನು ಪರಸ್ತ್ರೀಯ ಆಸೆಗೆ ಬಿದ್ದದ್ದು ಯುದ್ಧಭೂಮಿಯಲ್ಲಲ್ಲ, ಸೈನ್ಯವನ್ನು ಕಳಿಸಿ ತಾನು ಮನೆಯಲ್ಲಿ ಉಳಿದಿದ್ದ ಬಿಡುವಿನ ಸಂಜೆ. ರಾತ್ರಿ ಮಲಗುವ ಮುಂಚೆ ಮೊಬೈಲನ್ನು ಮಂಚದಿಂದ ದೂರ ಇಡು. ಸಂಜೆ ಕೋಣೆಯಲ್ಲಿ ಒಬ್ಬನೇ ಕೂರಬೇಡ, ವಾಲಿಬಾಲ್ ಆಡುವ ಹುಡುಗರ ಜೊತೆ ಸೇರು, ಊಟವನ್ನು ಖಾನಾವಳಿಯಲ್ಲಿ ನಾಲ್ಕು ಜನರ ನಡುವೆ ಮಾಡು. ಹಣ ಕಟ್ಟಿ ಆಡುವ ಆಟಗಳನ್ನು ಒಮ್ಮೆಯೂ ತೆರೆಯಬೇಡ. ಪಾರ್ಟಿಗೆ ಕರೆದರೆ ಹೋಗು, ಗ್ಲಾಸು ಮುಟ್ಟಬೇಡ, ಕುಡಿದವನನ್ನು ಮನೆಗೆ ತಲುಪಿಸಿ ಬಾ. ಯೋಸೇಫನು ಆ ಹೆಂಗಸಿನ ಜೊತೆ ವಾದಕ್ಕೆ ನಿಲ್ಲದೆ ಬಟ್ಟೆ ಬಿಟ್ಟು ಓಡಿದ. ಕೆಲವು ಶೋಧನೆಗಳಿಗೆ ಕಾಲೇ ಉತ್ತರ.

ಎಷ್ಟು ಎಚ್ಚರಿದ್ದರೂ ಎಲ್ಲಾದರೂ ಜಾರಿದರೆ, ಕೇಳು, ಇದು ಈ ಪತ್ರದಲ್ಲಿ ನಾನು ಬಹಳ ಯೋಚಿಸಿ ಬರೆಯುತ್ತಿರುವ ಮಾತು. ಅಂದೇ ರಾತ್ರಿ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಮಾಡು. ಮನುಷ್ಯನನ್ನು ಹಾಳು ಮಾಡುವುದು ಮೊದಲ ಲಕೋಟೆಗಿಂತ, ಅದನ್ನು ಬಚ್ಚಿಟ್ಟುಕೊಂಡು ಕಳೆಯುವ ದಿನಗಳು. ಇನ್ನು ನಾನು ಕೆಟ್ಟೆ, ಇನ್ನೇನಿದೆ ಎಂದು ಎರಡನೆಯದಕ್ಕೆ ಕೈ ಚಾಚುವಂತೆ ಮಾಡುವುದು ಆ ಮೌನವೇ. ನಾನು ಬೈಯುವುದಿಲ್ಲ. ಇಬ್ಬರೂ ಕೂಡಿ ಪ್ರಾರ್ಥಿಸೋಣ, ಆ ಹಣ ಹೇಗೆ ಹಿಂದಿರುಗಿಸಬೇಕು ಎಂದು ಯೋಚಿಸೋಣ. ಸುಂಕದವನಾದ ಜಕ್ಕಾಯನು, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದದ್ದು ಯೇಸು ಅವನ ಮನೆಗೆ ಬಂದ ಮೇಲೆ. ಶುದ್ಧನಾದ ಮೇಲೆ ಬರುತ್ತೇನೆ ಎಂದು ಕರ್ತನು ಹೇಳಲಿಲ್ಲ. ನಮ್ಮ ಮಹಾಯಾಜಕನಾದ ಯೇಸು ಎಲ್ಲ ವಿಷಯಗಳಲ್ಲಿ ನಮ್ಮಂತೆಯೇ ಶೋಧನೆಗೆ ಗುರಿಯಾದವನು, ಪಾಪ ಮಾತ್ರ ಮಾಡಲಿಲ್ಲ ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ. ಆದ್ದರಿಂದ ಅವನ ಮುಂದೆ ನಾಚಿಕೆಯಿಂದ ಅಡಗುವ ಅಗತ್ಯವಿಲ್ಲ.

ನೀನು ಒಬ್ಬನೇ ಎಂದೂ ಎಣಿಸಬೇಡ. ಅಹಾಬನಂಥ ಅರಸನ ಅರಮನೆಯ ಉಸ್ತುವಾರಿ ನೋಡುತ್ತಿದ್ದವನು ಓಬದ್ಯ, ಯೆಹೋವನಲ್ಲಿ ಬಹು ಭಕ್ತಿಯಿದ್ದವನು. ಈಜೆಬೆಲಳು ಪ್ರವಾದಿಗಳನ್ನು ಕೊಲ್ಲಿಸುತ್ತಿದ್ದಾಗ ಅದೇ ಅರಮನೆಯ ನೌಕರಿಯಲ್ಲಿದ್ದುಕೊಂಡೇ ನೂರು ಮಂದಿ ಪ್ರವಾದಿಗಳನ್ನು ಐವತ್ತೈವತ್ತರಂತೆ ಗುಹೆಗಳಲ್ಲಿ ಅಡಗಿಸಿ ಅನ್ನ ನೀರು ಕೊಟ್ಟು ಸಾಕಿದ. ಪ್ರವಾದಿ ಎಲೀಯನಷ್ಟು ಅವನ ಹೆಸರು ಪ್ರಸಿದ್ಧವಲ್ಲ. ನನಗೆ ಮಾತ್ರ ಅವನು ಬಹಳ ಹತ್ತಿರದವನು.

ಆ ಊರಿನ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಪಾಲಕರ ಜೊತೆ ಮಾತನಾಡಿದ್ದೇನೆ, ಅವರ ಫೋನ್ ನಂಬರನ್ನು ಈ ಪತ್ರದ ಹಿಂದೆ ಬರೆದಿದ್ದೇನೆ. ಆರಾಧನೆ ಬೆಳಿಗ್ಗೆ ಒಂಬತ್ತಕ್ಕೆ. ಮೊದಲ ಭಾನುವಾರವೇ ಹೋಗು, ಮುಂದಕ್ಕೆ ಹಾಕಬೇಡ. ಸಭೆಯ ಹಿರಿಯರೊಬ್ಬರ ಮನೆಯಲ್ಲಿ ಬುಧವಾರ ಸಂಜೆ ಪ್ರಾರ್ಥನೆ ಕೂಟ ಇರುತ್ತದಂತೆ, ಅದು ನಿನ್ನ ಕಚೇರಿಯ ಹಿಂದಿನ ಓಣಿಯಲ್ಲೇ ಇದೆ. ನಿನ್ನ ದೊಡ್ಡಮ್ಮ ಬುತ್ತಿಗೆಂದು ಶೇಂಗಾ ಚಟ್ನಿ, ಅಗಸೆ ಚಟ್ನಿ ಕಟ್ಟಿಟ್ಟಿದ್ದಾಳೆ. ಶನಿವಾರ ನಿನ್ನ ಅಪ್ಪ ಗದಗಿಗೆ ಬಂದಾಗ ಕೊಟ್ಟು ಕಳಿಸುತ್ತೇನೆ. ಹಾಜರಾದ ದಿನ ಸಂಜೆ ಫೋನ್ ಮಾಡು.

ಇಂತಿ,
ನಿನ್ನ ಪ್ರೀತಿಯ ದೊಡ್ಡಪ್ಪ